ಹುಲಿಯ ಬಾಲ ಹಿಡಿದವಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೃಗಾಲಯದ ಮುಂಬಾಗಿಲಿಗೆ ಬೀಗ ಬಿದ್ದಿದೆ, ಟಿಕೆಟ್ ಕೊಡುವ ಕಿಟಕಿಯ ಮೇಲೊಂದು ಕಾಗೆ ಯಜಮಾನಿಕೆ ನಡೆಸುತ್ತಿದೆ. ಹುಲಿಮನೆಯ ಹಿಂದಿನ ಓಣಿಯಲ್ಲಿ ಮಾತ್ರ ಆಗಲೇ ದೀಪ ಹತ್ತಿದೆ. ಒಂದು ಕಡೆ ಸಿಮೆಂಟ್ ಗೋಡೆ, ಇನ್ನೊಂದು ಕಡೆ ಸಾಲಾಗಿ ಬೋನುಗಳು, ನಡುವೆ ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಒತ್ತಿ ನಿಲ್ಲಬೇಕಾದಷ್ಟೇ ಜಾಗ. ಫಿನಾಯಿಲ್ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆಯಿದೆ. ಅದು ಮೂಗಿಗಿಂತ ಮೊದಲು ಬೆನ್ನುಹುರಿಗೆ ತಿಳಿಯುತ್ತದೆ.

ಖಾಕಿ ಅಂಗಿ, ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬಳು ಬಾಗಿಲಿನಿಂದ ಬಾಗಿಲಿಗೆ ನಡೆಯುತ್ತಿದ್ದಾಳೆ. ಚಿಲಕ ಬಿದ್ದಿದೆಯೇ ಎಂದು ನೋಡುತ್ತಾಳೆ. ಕೈಯಿಂದ ಅಲುಗಾಡಿಸುತ್ತಾಳೆ. ಅಷ್ಟಕ್ಕೇ ಬಿಡದೆ ಕಂಬಿ ಹಿಡಿದು, ಕಾಲು ಊರಿ, ಇಡೀ ಬಾಗಿಲನ್ನೇ ತನ್ನ ಕಡೆಗೆ ಜಗ್ಗುತ್ತಾಳೆ. ಕೊನೆಯ ಬಾಗಿಲು ಮುಗಿಸಿದವಳು ಮತ್ತೆ ಮೊದಲನೆಯದಕ್ಕೆ ಬರುತ್ತಾಳೆ. ಅದನ್ನು ಈಗಷ್ಟೇ ಜಗ್ಗಿ ನೋಡಿದ್ದಳು.

"ಗೊತ್ತು, ನೋಡಿದ್ದೆ," ಎನ್ನುತ್ತಾಳೆ, ತನ್ನ ಬಗ್ಗೆ ಬರೆಯಲು ಬಂದ ನನ್ನ ಮುಖ ನೋಡಿ. "ನೀವು ಆ ಹಳದಿ ಗೆರೆ ದಾಟ್ಬೇಡಿ. ದಾಟಿದ್ರೆ ನಾನು ಏನೂ ಮಾಡೋಕಾಗಲ್ಲ."

ಇಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಬಾಲದಕ್ಕ ಎಂದು. ಮೃಗಾಲಯದಲ್ಲಿ ಒಂದು ಮುದಿ ಹೆಣ್ಣುಹುಲಿ ಇದೆ. ಮೂತ್ರಪಿಂಡ ಸೋತಿರುವ ಅದರ ರಕ್ತವನ್ನು ಆಗಾಗ ತೆಗೆದು ಪರೀಕ್ಷಿಸಬೇಕು. ಹುಲಿಯ ಬಾಲದ ಪಕ್ಕದಲ್ಲಿ ಒಂದು ರಕ್ತನಾಳ ಹರಿಯುತ್ತದೆ, ಸೂಜಿ ಚುಚ್ಚುವುದು ಅಲ್ಲಿಗೆ. ಡಾಕ್ಟರು ಚುಚ್ಚುವಾಗ ಆ ಬಾಲವನ್ನು ಬೋನಿನ ಕಿಂಡಿಯಿಂದ ಹೊರಗೆಳೆದು, ಅಲ್ಲಾಡದಂತೆ ಹಿಡಿದುಕೊಳ್ಳುವುದು ಈಕೆಯ ಕೆಲಸ. 'ಹುಲಿಯ ಬಾಲ ಹಿಡಿದ ಹಾಗಾಯ್ತು' ಎಂದು ನಾವು ನೀವು ದಿನಕ್ಕೊಂದು ಸಲ ಅಂದುಕೊಳ್ಳುತ್ತೇವೆ. ಈಕೆ ಅದನ್ನೇ ಮಾಡಿ ಮನೆ ನಡೆಸುತ್ತಾಳೆ.

ಮುದಿ ಹುಲಿಗೆ ಇವರೆಲ್ಲ ಅಜ್ಜಿ ಎನ್ನುತ್ತಾರೆ. ಅಜ್ಜಿಯ ಮೂತಿಯ ಕಡೆ ಇನ್ನೊಬ್ಬ ಪ್ರಾಣಿಪಾಲಕ ಹಾಲಿನ ಬಾಟಲಿ ಹಿಡಿದು ನಿಂತಿದ್ದಾನೆ. ಅವನ ಹೆಸರು ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ: ಮೂತಿಯಣ್ಣ. ಕಂಬಿಯ ಸಂದಿನಿಂದ ಹಾಲನ್ನು ಚಿರ್ರನೆ ಹಾರಿಸುತ್ತ ಹುಲಿಯ ಗಮನವನ್ನು ಅತ್ತಲೇ ಕಟ್ಟಿಹಾಕುವುದು ಅವನ ಪಾಲು. ಡಾಕ್ಟರು, ಐವತ್ತರ ಆಸುಪಾಸಿನ ಮಿತಭಾಷಿ ಹೆಂಗಸು, ಸೂಜಿ ಸಿದ್ಧಮಾಡಿಕೊಂಡು ಕುಕ್ಕುರುಗಾಲಲ್ಲಿ ಕೂತಿದ್ದಾರೆ.

"ತಿರುಗಜ್ಜಿ, ತಿರುಗು," ಎನ್ನುತ್ತಾಳೆ ಬಾಲದಕ್ಕ. ಮಗುವಿಗೆ ತಲೆ ಸ್ನಾನ ಮಾಡಿಸುವಾಗಿನ ದನಿ.

ಕತ್ತಲೆಯ ಮೂಲೆಯಿಂದ ಒಂದು ಪಟ್ಟೆಪಟ್ಟೆ ಗೋಡೆ ಎದ್ದು ಬರುತ್ತದೆ. ಹುಲಿ ನನ್ನನ್ನು ಒಂದು ಕ್ಷಣ ನೋಡಿ, ಲೆಕ್ಕಕ್ಕೆ ತೆಗೆದುಕೊಳ್ಳದೆ, ಕಂಬಿಗೆ ಮೈ ಒತ್ತಿ ಮಲಗುತ್ತದೆ. ನೆಲದ ಮಟ್ಟದ ಕಿಂಡಿಯ ಹತ್ತಿರ ಹಿಂಭಾಗ ಬಂದು ನಿಲ್ಲುತ್ತದೆ. ಬಾಲದಕ್ಕ ಮಂಡಿಯೂರಿ, ಬೆರಳು ಒಳಗೆ ಹೋಗದ ಹಾಗೆ ಕಬ್ಬಿಣದ ಕೊಕ್ಕೆಯಿಂದ ಬಾಲವನ್ನು ಹೊರಗೆ ಜಾರಿಸಿ, ಬುಡದ ಕಡೆ ಒಂದು ಕೈ, ನಡುವೆ ಒಂದು ಕೈ ಹಾಕುತ್ತಾಳೆ. ಬಿಸಿನೀರಿನ ಬಟ್ಟೆಯಿಂದ ಒರೆಸುತ್ತಾಳೆ. ಆ ಹೊತ್ತಿಗೆ ಓಣಿಯಲ್ಲಿ ಯಾರೂ ಕೆಮ್ಮುವುದಿಲ್ಲ. ಸೂಜಿ ಒಳಹೋದಾಗ ಬಾಲದ ತುದಿ ಹಾವಿನ ಹೆಡೆಯಂತೆ ಒಮ್ಮೆ ಎದ್ದು ಆಕೆಯ ಮೊಣಕೈಗೆ ಬಡಿಯುತ್ತದೆ. ಆಕೆ ಕಣ್ಣು ಮಿಟುಕಿಸುವುದಿಲ್ಲ. ಕತ್ತಿನ ನರ ಮಾತ್ರ ಪಟಪಟ ಹೊಡೆದುಕೊಳ್ಳುವುದು ನನಗೆ ನಿಂತಲ್ಲಿಂದಲೇ ಕಾಣುತ್ತದೆ.

ಕೊಳವೆ ತುಂಬುತ್ತದೆ. ಡಾಕ್ಟರು ಹತ್ತಿ ಒತ್ತುತ್ತಾರೆ. ಬಾಲ ಒಳಗೆ ಹೋಗುತ್ತದೆ. ಬಾಲದಕ್ಕ ಎದ್ದು ಹೊರಗಿನ ನಲ್ಲಿಯ ಹತ್ತಿರ ಹೋಗುತ್ತಾಳೆ. ಕೈ ತೊಳೆಯಲು ಎಂದುಕೊಳ್ಳುತ್ತೇನೆ. ಗೋಡೆಯ ಮರೆಯಲ್ಲಿ ಆಕೆ ವಾಂತಿ ಮಾಡುವ ಸದ್ದು ಕೇಳುತ್ತದೆ.

"ಪ್ರತಿ ಸಲಾನೂ ಹೀಗೇ," ಎನ್ನುತ್ತಾನೆ ಮೂತಿಯಣ್ಣ, ಬಾಟಲಿ ತೊಳೆಯುತ್ತ. "ಅದಕ್ಕೇ ಬೆಳಿಗ್ಗೆ ಏನೂ ತಿನ್ನದೆ ಬರ್ತಾಳೆ."

ಬಾಲದಕ್ಕ ಇಲ್ಲಿಗೆ ಬಂದದ್ದು ಜಿಂಕೆ ಆವರಣದ ಕಸ ಗುಡಿಸಲು. ಆಗ ಹುಲಿಯ ರಕ್ತ ಬೇಕೆಂದರೆ ಪ್ರತಿ ಸಲವೂ ಮತ್ತಿನ ಮದ್ದು ಹೊಡೆದು ಮಲಗಿಸುತ್ತಿದ್ದರು. ವಯಸ್ಸಾದ ಹುಲಿಗೆ ಮತ್ತು ಒಗ್ಗುವುದಿಲ್ಲ. ಹಾಗೆ ಮಲಗಿದ ಒಂದು ಹುಲಿ ಮತ್ತೆ ಏಳಲೇ ಇಲ್ಲ. ಮದ್ದಿಲ್ಲದೆ, ಎಚ್ಚರವಿರುವಾಗಲೇ ಬಾಲ ಕೊಡುವುದನ್ನು ಅಜ್ಜಿಗೆ ಕಲಿಸಬೇಕೆಂದು ಡಾಕ್ಟರು ತೀರ್ಮಾನಿಸಿದರು. ಬಾಲ ಹೊರತೆಗೆಯಲು ಎಲ್ಲ ಬೋನುಗಳಿಗೂ ಕಿಂಡಿ ಕೊರೆಸಿದರು. ಕಲಿಸುವವರು ಯಾರು ಎಂದಾಗ ಪಾಲಕರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನು ಧೈರ್ಯ ಮಾಡಿ ಮುಂದೆ ಬಂದೆ ಅಂತ ಬರೀಬೇಡಿ," ಎನ್ನುತ್ತಾಳೆ ಬಾಲದಕ್ಕ. "ಉಳಿದೋರೆಲ್ಲ ಒಂದು ಹೆಜ್ಜೆ ಹಿಂದೆ ಹೋದ್ರು. ನಾನು ಪೊರಕೆ ಹಿಡ್ಕೊಂಡು ನಿಂತಲ್ಲೇ ನಿಂತಿದ್ದೆ. ನೋಡಿದ್ರೆ ನಾನೇ ಮುಂದೆ ಇದ್ದೆ."

ಮೊದಲು ಉದ್ದದ ಕೋಲಿನಿಂದ ಬಾಲ ಮುಟ್ಟುವುದು, ಮುಟ್ಟಿಸಿಕೊಂಡರೆ ಅತ್ತ ಹಾಲು. ಆಮೇಲೆ ಗಿಡ್ಡ ಕೋಲು. ಆಮೇಲೆ ಕೈ. 'ತಿರುಗು' ಎಂದರೆ ಹಿಂಭಾಗ ಕೊಟ್ಟು ಮಲಗಬೇಕು ಎಂದು ಅಜ್ಜಿಗೆ ತಿಳಿಯುವಷ್ಟರಲ್ಲಿ ಒಂದು ಬೇಸಿಗೆ ಹೋಗಿ ಇನ್ನೊಂದು ಬಂದಿತ್ತು. ಬಾಲ ಮೊದಲ ಸಲ ಕೈಗೆ ಬಂದ ದಿನವನ್ನು ಆಕೆ ಮರೆತಿಲ್ಲ. "ಮೆತ್ತಗಿರುತ್ತೆ ಅಂದ್ಕೊಂಡಿದ್ದೆ. ಒಳಗೆ ಬರೀ ಮೂಳೆ, ಬರೀ ಶಕ್ತಿ. ಹಗ್ಗದ ಆ ತುದೀಲಿ ಏನಿದೆ ಅಂತ ಕೈಗೆ ಗೊತ್ತಾಗಿಬಿಡ್ತು."

ಮನೆಯಲ್ಲಿ ಅತ್ತೆಗೆ ಇದೊಂದು ಮಾತಿನ ಸರಕು. "ಇವಳಿಗೆ ನಾನು ಹೇಗಮ್ಮ ಜೋರು ಮಾಡ್ಲಿ? ಹುಲಿ ಬಾಲ ಹಿಡಿಯೋ ಸೊಸೆ ಅತ್ತೆ ಮಾತಿಗೆ ಹೆದರ್ತಾಳಾ?" ಎಂದು ಬಂದವರ ಮುಂದೆಲ್ಲ ನಗುತ್ತಾರೆ. ಬಾಲದಕ್ಕನ ತಮಾಷೆ ಬೇರೆ: "ಕಚೇರೀಲಿ ಸಾಹೇಬ್ರ ಬಾಲ ಹಿಡಿಯೋರು ಬೇಕಾದಷ್ಟು ಜನ ಇದ್ದಾರೆ. ಅವರಿಗೆಲ್ಲ ಬಡ್ತಿ ಆಯ್ತು. ನಿಜವಾದ ಬಾಲ ಹಿಡಿದೋಳು ಇಲ್ಲೇ ಇದ್ದೀನಿ."

ಈ ನಗು ಎರಡು ವರ್ಷದ ಹಿಂದಿನ ಒಂದು ಬೆಳಗಿನ ಹತ್ತಿರ ಬಂದ ಕೂಡಲೇ ನಿಂತುಹೋಗುತ್ತದೆ. ಆ ಕಥೆ ಹೇಳಲು ಆಕೆ ಓಣಿಯೊಳಗೆ ಒಪ್ಪುವುದಿಲ್ಲ. ಹೊರಗೆ ಬಿಸಿಲಿಗೆ ಬಂದು, ಕಲ್ಲುಬೆಂಚಿನ ಮೇಲೆ ಕೂತು, ಬೂಟು ಕಳಚಿಟ್ಟು ಹೇಳುತ್ತಾಳೆ.

ಅವತ್ತು ಆಕೆ ಅಜ್ಜಿಯ ಪಕ್ಕದ ಖಾಲಿ ಬೋನಿನೊಳಗೆ ನಿಂತು ಪೈಪಿನಲ್ಲಿ ನೆಲ ತೊಳೆಯುತ್ತಿದ್ದಳು. ಬೋನಿನ ಬಾಗಿಲು ಓಣಿಯ ಕಡೆಗೆ ತೆರೆದೇ ಇತ್ತು. ಅಜ್ಜಿಯ ಬಾಗಿಲಿಗೆ ಚಿಲಕ ಬಿದ್ದಿತ್ತು, ಆಕೆಯೇ ನೋಡಿದ್ದಳು. ಆದರೆ ಚಿಲಕ ಹೋಗಿ ಕೂರುವ ಬಳೆಯ ಬೆಸುಗೆ ಒಳಗೊಳಗೇ ತುಕ್ಕು ಹಿಡಿದು ಟೊಳ್ಳಾಗಿತ್ತು. ಹೊರಗಿನ ಬಣ್ಣ ಹೊಚ್ಚಹೊಸದು. ಅಜ್ಜಿ ಎಂದಿನಂತೆ ಮೈ ಉಜ್ಜಲು ಬಾಗಿಲಿಗೆ ಒರಗಿದಾಗ ಬಳೆ ಕಳಚಿ ಬಿತ್ತು.

"ಠಣ್ ಅಂತ ಸದ್ದಾಯ್ತು. ಮೂತಿಯಣ್ಣ ಬಂದ ಅಂದ್ಕೊಂಡೆ. 'ಏನಣ್ಣ, ಇವತ್ತು ಬೇಗ?' ಅಂತ ಕೇಳೋಣ ಅಂತ ತಲೆ ಹೊರಗೆ ಹಾಕಿದೆ. ಬಾಲ ಕಾಣಿಸ್ತು."

ಹುಲಿ ಓಣಿಯಲ್ಲಿತ್ತು. ಆಕೆಗೆ ಬೆನ್ನು ಮಾಡಿ, ಹೊರಬಾಗಿಲಿನ ಹತ್ತಿರದ ಮಾಂಸದ ಬಕೆಟ್ಟು ಮೂಸುತ್ತಿತ್ತು. ಓಣಿಗೆ ಇದ್ದದ್ದು ಅದೊಂದೇ ಬಾಗಿಲು; ಎರಡೂ ಕಡೆಯಿಂದ ತೆಗೆಯಬಹುದಾದ ಅದರ ಬೀಗವನ್ನು ಆಕೆಯೇ ಒಳಗಿನಿಂದ ಹಾಕಿಕೊಂಡಿದ್ದಳು.

ಆಕೆಗೆ ಕಿರುಚಲೂ ಆಗಲಿಲ್ಲ, ಓಡಲೂ ಜಾಗವಿರಲಿಲ್ಲ. ತಾನು ನಿಂತಿದ್ದ ಬೋನಿನ ಬಾಗಿಲನ್ನೇ ಮೆಲ್ಲಗೆ ಒಳಗೆಳೆದುಕೊಂಡಳು. ಎಳೆದ ಮೇಲೆ ನೆನಪಾಯಿತು: ಚಿಲಕ ಇರುವುದು ಹೊರಗಡೆ. "ಹುಲಿ ಪಂಜಕ್ಕೆ ಸಿಗಬಾರದು ಅಂತ ಚಿಲಕದ ಸುತ್ತ ತಗಡು ಹೊಡೆದಿದ್ದಾರೆ. ಹುಲಿಗೆ ಸಿಗದ್ದು ನನಗೆಲ್ಲಿ ಸಿಗುತ್ತೆ?" ಕೈಯಿಂದ ಕಂಬಿ ಹಿಡಿದರೆ ಬೆರಳು ಹೊರಗೆ ಕಾಣುತ್ತದೆ. ನೀರಿನ ಪೈಪನ್ನೇ ಬಾಗಿಲ ಕಂಬಿಗೆ ಸುತ್ತಿ, ಎರಡೂ ತುದಿ ಕೈಗೆ ಬಿಗಿದುಕೊಂಡು, ಹಿಂದಕ್ಕೆ ವಾಲಿ ನಿಂತಳು. ನೆಲದಲ್ಲಿ ಸಾಬೂನು ನೊರೆ. ಬೂಟು ಜಾರುತ್ತಿತ್ತು.

ಹುಲಿಗೆ ಆಕೆ ಇರುವುದು ಇನ್ನೂ ತಿಳಿದಿರಲಿಲ್ಲ. ಸುಮ್ಮನಿದ್ದರೆ ತಿಳಿಯದೆಯೂ ಇರಬಹುದಿತ್ತು. ಅಷ್ಟರಲ್ಲಿ ಹೊರಗೆ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದಾಯಿತು, ಮೂತಿಯಣ್ಣನ ಶಿಳ್ಳೆ ಕೇಳಿಸಿತು. ಶಿಳ್ಳೆ ಹತ್ತಿರ ಬಂತು. ಹೊರಬಾಗಿಲಿನ ಬೀಗಕ್ಕೆ ಬೀಗದಕೈ ತಾಗಿತು. ಬಾಗಿಲಿಗೂ ಹುಲಿಯ ಮೂತಿಗೂ ನಡುವೆ ಒಂದು ಬಕೆಟ್ಟಿನ ಅಂತರ.

"ಆವಾಗ ನಾನು ಯೋಚನೆ ಮಾಡಿದೆ," ಎನ್ನುತ್ತಾಳೆ. "ಯೋಚನೆ ಮಾಡ್ದೆ ಕೂಗಿದೆ ಅಂತ ಎಲ್ಲರೂ ಹೇಳ್ತಾರೆ. ಇಲ್ಲ. ಯೋಚನೆ ಮಾಡಿದೆ. ನನ್ನ ಮಗಳ ಮುಖ ಬಂತು. ಆಮೇಲೆ ಅವನ ಮಕ್ಕಳ ಮುಖಾನೂ ಬಂತು. ಅದೊಂದು ಬರದೇ ಇದ್ದಿದ್ರೆ ಏನಾಗ್ತಿತ್ತೋ, ನನಗೆ ಗೊತ್ತಿಲ್ಲ."

"ಬಾಗಿಲು ತೆಗೀಬೇಡ! ಅಜ್ಜಿ ಹೊರಗಿದ್ದಾಳೆ!" ಎಂದು ಕೂಗಿದಳು.

ಬೀಗದಕೈ ನಿಂತಿತು. ಹುಲಿ ತಿರುಗಿತು.

ಓಣಿಯ ಉದ್ದಕ್ಕೂ ಅದು ಅವಸರವಿಲ್ಲದೆ ನಡೆದು ಬಂದದ್ದನ್ನು ಆಕೆ ಕೈಯಲ್ಲಿ ತೋರಿಸುತ್ತಾಳೆ. ಅಷ್ಟು ದಿನ ಬೆನ್ನ ಕಡೆಯಿಂದ ಕಂಡ ಪ್ರಾಣಿಯ ಮುಖ ಈಗ ಎದುರಿಗಿತ್ತು. ಉಸಿರಿನ ಬಿಸಿ ಹಣೆಗೆ ತಾಗುತ್ತಿತ್ತು. ಪಂಜ ಎತ್ತಿ ಕಂಬಿಯ ಸಂದಿಗೆ ಇಟ್ಟಿತು. ಬಾಗಿಲನ್ನು ತನ್ನ ಕಡೆ ಎಳೆದುಕೊಳ್ಳಲು ಅದಕ್ಕೆ ಬೇಕಿದ್ದದ್ದು ಒಂದು ಸಣ್ಣ ಜಗ್ಗು, ಅಷ್ಟೇ.

"ನನ್ನ ಬಾಯಿಂದ ಬೇರೆ ಏನೂ ಬರ್ಲಿಲ್ಲ. ದೇವರ ಹೆಸರೂ ಬರ್ಲಿಲ್ಲ. ದಿನಾ ಹೇಳೋ ಮಾತೇ ಬಂತು. ತಿರುಗಜ್ಜಿ, ತಿರುಗು."

ಹುಲಿ ನೋಡುತ್ತಲೇ ಇತ್ತು. ಆಕೆ ಮತ್ತೆ ಹೇಳಿದಳು. ಪಂಜ ಇಳಿಯಿತು. ಅಜ್ಜಿ ಮೈ ತಿರುಗಿಸಿ, ಓಣಿಯ ನೆಲದ ಮೇಲೆ ಬೋನಿಗೆ ಒತ್ತಿ ಮಲಗಿ, ಕಿಂಡಿಗೆ ಹಿಂಭಾಗ ಕೊಟ್ಟಿತು. ದಿನವೂ ಹುಲಿ ಒಳಗೆ, ಆಕೆ ಹೊರಗೆ. ಅವತ್ತು ಆಕೆ ಒಳಗೆ. ಬಾಲ ಮಾತ್ರ ಎಂದಿನಂತೆ ಆಕೆಯ ಕಾಲ ಬಳಿ ಬಂದು ಬಿತ್ತು. ಹುಲಿ ಹಾಲಿಗಾಗಿ ಕಾಯತೊಡಗಿತು. ಹಾಲು ಕೊಡುವವನು ಬಾಗಿಲ ಆಚೆ ನಿಂತಿದ್ದ.

ಮೂತಿಯಣ್ಣ ಓಡಿ ಡಾಕ್ಟರನ್ನು ಕರೆತರುವವರೆಗೆ ಎಷ್ಟು ಹೊತ್ತಾಯಿತೋ ಆಕೆಗೆ ತಿಳಿಯದು. ಹಾಲು ಬಾರದ್ದಕ್ಕೆ ಬಾಲದ ತುದಿ ಅತ್ತಿತ್ತ ಹೊರಳುತ್ತಿತ್ತು. ಆಕೆ ಕೂಸನ್ನು ಮಲಗಿಸುವ ಹಾಗೆ ಬಾಯಿಗೆ ಬಂದದ್ದನ್ನೆಲ್ಲ ಮೆಲ್ಲಗೆ ಹೇಳುತ್ತಿದ್ದಳು: ಅಂಗಡಿಯಿಂದ ಏನೇನು ತರಬೇಕು, ಮಗಳ ಶಾಲೆ ಎಷ್ಟು ಹೊತ್ತಿಗೆ ಬಿಡುತ್ತದೆ, ಅತ್ತೆಯ ಮಂಡಿನೋವು. ಹೊರಬಾಗಿಲಿನ ಅಂಗೈಯಗಲದ ನೋಟಕಿಂಡಿ ಸರಿಯಿತು. ಮತ್ತಿನ ಸೂಜಿ ಊದಿ ಹಾರಿಸುವ ಕೊಳವೆಯ ತುದಿ ಕಾಣಿಸಿತು.

ಮದ್ದಿನ ಸೂಜಿ ತೊಡೆಗೆ ನೆಟ್ಟ ಕ್ಷಣ ಹುಲಿ ನೆಗೆಯಿತು. ಅದರ ಗರ್ಜನೆ ಕಿವಿಗೆ ಕೇಳಲಿಲ್ಲ, ಹಲ್ಲುಗಳಿಗೆ ಕೇಳಿಸಿತು ಎನ್ನುತ್ತಾಳೆ ಆಕೆ. ಪಂಜ ಬಾಗಿಲ ಕಂಬಿಗೆ ಸಿಕ್ಕಿ ಹೊರಕ್ಕೆ ಜಗ್ಗಿದಾಗ ಪೈಪು ಕೈಯಲ್ಲಿ ಸರ್ರನೆ ಜಾರಿ, ಬಾಗಿಲು ಗೇಣಗಲ ತೆರೆಯಿತು. ಆ ಗೇಣಿನಲ್ಲಿ ಒಂದು ಹಳದಿ ಕಣ್ಣು. ಆಕೆ ಅಂಗಾತ ಹಿಂದಕ್ಕೆ ಬಿದ್ದಳು, ತನ್ನ ಮೈಭಾರದಿಂದಲೇ ಬಾಗಿಲನ್ನು ಮುಚ್ಚಿಕೊಂಡಳು. ಹುಲಿ ಓಣಿಯ ಆ ತುದಿಗೂ ಈ ತುದಿಗೂ ಬಡಿದಾಡಿ, ಕೊನೆಗೆ ತೂರಾಡುತ್ತ ಬಂದು ಅದೇ ಕಿಂಡಿಯ ಹತ್ತಿರ ಕುಸಿಯಿತು.

ಮುಂದಿನದನ್ನು ಡಾಕ್ಟರು ಹೇಳುತ್ತಾರೆ. ಅವರ ದನಿಯೂ ತಗ್ಗುತ್ತದೆ. "ಅಜ್ಜಿಯ ಕಿಡ್ನಿ ಇರೋ ಸ್ಥಿತೀಲಿ ಪೂರ್ತಿ ಮದ್ದು ಕೊಟ್ಟಿದ್ರೆ ಸತ್ತೇ ಹೋಗ್ತಿತ್ತು. ಕಡಿಮೆ ಕೊಟ್ಟಿದ್ದೆ. ನಿದ್ದೆ ಹೋಗಿದೆಯೋ, ಬರೀ ಕಣ್ಣು ಮುಚ್ಚಿದೆಯೋ ದೂರದಿಂದ ಹೇಳೋಕಾಗ್ತಿರ್ಲಿಲ್ಲ. ತಡ ಮಾಡಿದ್ರೆ ಮತ್ತು ಇಳಿದು ಎದ್ದುಬಿಡುತ್ತೆ. ಯಾರಾದ್ರೂ ಮುಟ್ಟಿ ನೋಡ್ಬೇಕಿತ್ತು. ಮುಟ್ಟೋಷ್ಟು ಹತ್ತಿರ ಇದ್ದಿದ್ದು ಇವಳೊಬ್ಬಳೇ."

ನೋಟಕಿಂಡಿಯಿಂದ ಅವರು ಕೇಳಿದರು: "ಬಾಲ ಕೈಗೆ ಸಿಗುತ್ತಾ?"

"ಸಿಗುತ್ತೆ ಡಾಕ್ಟ್ರೇ."

"ಎಳೆದು ನೋಡು."

"ಎಚ್ಚರ ಇದ್ರೆ?"



ಬಾಲ ಹಿಡಿಯಬೇಕಾದರೆ ಪೈಪಿನಿಂದ ಒಂದು ಕೈ ಬಿಡಬೇಕು. ಒಂದೇ ಕೈಯಲ್ಲಿ ಬಾಗಿಲು ನಿಲ್ಲುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಪೈಪನ್ನು ಮೊಣಕೈಗೆ ಸುತ್ತಿಕೊಂಡು, ಕುಕ್ಕುರುಗಾಲಲ್ಲಿ ಕೂತು, ಬಲಗೈ ಚಾಚಿದಳು. ಹಿಡಿದಳು. ಎಳೆದಳು. ಬಾಲದ ತುದಿ, ಮೆಲ್ಲಗೆ, ಒಂದು ಸಲ ಮಡಚಿಕೊಂಡಿತು.

"ಇಲ್ಲ ಡಾಕ್ಟ್ರೇ. ಇನ್ನೂ ಇದ್ದಾಳೆ."

ಕೈ ಬಿಡಲು ಧೈರ್ಯ ಬರಲಿಲ್ಲ. ಬಿಟ್ಟರೆ ಮತ್ತೆ ಹಿಡಿಯಲು ತನ್ನಿಂದಾಗದು ಎಂದು ಅನಿಸಿತಂತೆ. ಹಾಗೇ ಹಿಡಿದು ಕೂತಳು. ಅಂಗೈಯೊಳಗೆ ಆ ಮೂಳೆಗಳ ಬಿಗಿ ಒಂದೊಂದಾಗಿ ಸಡಿಲವಾಗುವುದನ್ನು ಕಾಯುತ್ತ ಕೂತಳು. ಎರಡನೆಯ ಸಲ ಎಳೆದಾಗ ಒದ್ದೆ ಹಗ್ಗ ಎಳೆದ ಹಾಗಿತ್ತು. ಮೂರನೆಯ ಸಲವೂ ಹಾಗೇ.

"ಈಗ ಬನ್ನಿ," ಎಂದಳು.

ಅಜ್ಜಿಯನ್ನು ದಪ್ಪ ಬಟ್ಟೆಯ ಮೇಲೆ ಎಳೆದು ಬೇರೆ ಬೋನಿಗೆ ಸೇರಿಸಿ ಬೀಗ ಹಾಕಿದರು. ಅಜ್ಜಿ ಉಳಿಯಿತು. ಬಾಲದಕ್ಕನ ಕೈಯಿಂದ ಪೈಪು ಬಿಡಿಸಲು ಇಬ್ಬರು ಬೇಕಾದರು.

ತನಿಖೆ ನಡೆಯಿತು. ಪಾಲಕರಲ್ಲಿ ಯಾರ ತಪ್ಪೂ ಇಲ್ಲವೆಂದು ತೀರ್ಮಾನವಾಯಿತು. ಬಾಗಿಲುಗಳನ್ನೆಲ್ಲ ಬದಲಿಸಿದರು, ಒಳಗಡೆಗೂ ಒಂದೊಂದು ಚಿಲಕ ಕೂರಿಸಿದರು. ಆದರೆ ಬಾಲದಕ್ಕನನ್ನು ಕೊರೆಯುವುದು ಆ ತೀರ್ಮಾನವೇ. "ಯಾರದ್ದಾದ್ರೂ ತಪ್ಪಾಗಿದ್ದಿದ್ರೆ ಚೆನ್ನಾಗಿತ್ತು. ಬೈದು, ಜಗಳ ಆಡಿ, ಇನ್ನು ಹಾಗಾಗಲ್ಲ ಅಂತ ನಿದ್ದೆ ಮಾಡ್ಬೋದಿತ್ತು. ಎಲ್ಲಾ ಸರಿಯಾಗಿ ಮಾಡಿದ್ರೂ ಹುಲಿ ಹೊರಗೆ ಬಂತು ಅಂದ್ರೆ, ಇನ್ನು ಯಾವ ಬಾಗಿಲನ್ನ ನಂಬೋದು?"

ಎಷ್ಟೋ ವಾರ ಆಕೆ ಕೆಲಸಕ್ಕೆ ಹೋಗಲಿಲ್ಲ. ಬೇರೊಬ್ಬ ಪಾಲಕ ಅಜ್ಜಿಯ ಮುಂದೆ ನಿಂತು ತಿರುಗು ಎಂದ. ಅಜ್ಜಿ ಆಕಳಿಸಿತು. ರಕ್ತ ತೆಗೆಯುವುದು ನಿಂತಿತು, ಯಾವ ಔಷಧ ಎಷ್ಟು ಕೊಡಬೇಕೆಂದು ತಿಳಿಯದಾಯಿತು, ಅಜ್ಜಿ ಊಟ ಬಿಟ್ಟಿತು. ಡಾಕ್ಟರು ಒಂದು ಸಂಜೆ ಮನೆಗೆ ಬಂದರು. ಬರಲೇಬೇಕು ಎನ್ನಲಿಲ್ಲ. ಚಹಾ ಕುಡಿದು, ಅಜ್ಜಿಯ ಸ್ಥಿತಿ ಹೇಳಿ, ಎದ್ದು ಹೋದರು. ಮರುದಿನ ಬೆಳಿಗ್ಗೆ ಬಾಲದಕ್ಕ ಬೂಟು ಹಾಕಿಕೊಂಡಳು.

ಮರಳಿ ಬಂದದ್ದು ಹುಲಿಯ ಮೇಲಿನ ಪ್ರೀತಿಯಿಂದಲೇ ಎಂದು ಕೇಳುತ್ತೇನೆ. "ಪಾಪ ಅನ್ಸುತ್ತೆ. ಪ್ರೀತಿ ಗೀತಿ ಗೊತ್ತಿಲ್ಲ. ಮನೇಲಿ ಕೂತ್ರೆ ಭಯ ಎಲ್ಲಾ ಕಡೆ ಇತ್ತು. ಬಾತ್‌ರೂಮ್ ಬಾಗಿಲಲ್ಲಿ, ಮೆಟ್ಟಿಲ ಕೆಳಗೆ, ಹಾಸಿಗೆ ಪಕ್ಕ. ಅಲ್ಲಿಗೆ ಹೋದ್ರೆ ಒಂದೇ ಕಡೆ ಇರುತ್ತೆ. ಎಲ್ಲಿದೆ ಅಂತಾದ್ರೂ ಕಾಣುತ್ತೆ."

ಮಧ್ಯಾಹ್ನ ಆಕೆಯ ಜೊತೆ ಮನೆಗೆ ಹೋಗುತ್ತೇನೆ. ಕೆಳಗೆ ಗಂಡನ ಇಸ್ತ್ರಿ ಅಂಗಡಿ, ಮೇಲೆ ಎರಡು ಕೋಣೆ. ನೆಲದಿಂದ ಬಿಸಿಬಟ್ಟೆಯ ವಾಸನೆ ಏಳುತ್ತದೆ. ಕೋಣೆಗಳ ನಡುವೆ ಬಾಗಿಲಿನ ಚೌಕಟ್ಟಿದೆ, ಬಾಗಿಲಿಲ್ಲ. "ಇವಳೇ ತೆಗೆಸಿಬಿಟ್ಟಳು," ಎನ್ನುತ್ತಾನೆ ಗಂಡ, ದೂರಿನ ದನಿಯಿಲ್ಲದೆ. ನಿದ್ದೆಯಲ್ಲಿ ಆಕೆ ಹಿಂದಕ್ಕೆ ವಾಲಿ ವಾಲಿ ಹೊದಿಕೆ ಎಳೆಯುತ್ತಾಳಂತೆ. ಅವನು ಎಳೆಯಲು ಬಿಟ್ಟು ತಾನು ಹೊದಿಕೆಯಿಲ್ಲದೆ ಮಲಗುತ್ತಾನೆ.

ಮಗಳು ಶಾಲೆಯಿಂದ ಬರುತ್ತಾಳೆ. ಆರನೇ ತರಗತಿ. ಸೊಂಟದವರೆಗಿನ ಕೂದಲು, ಓಡಿ ಬಂದು ಪೂರ್ತಿ ಬಿಚ್ಚಿಹೋಗಿದೆ. ಬಾಚಣಿಗೆ ಹಿಡಿದು ಅಮ್ಮನ ಮುಂದೆ ಬೆನ್ನು ಮಾಡಿ ಕೂರುತ್ತಾಳೆ. ಅತ್ತೆ ಮಾತು ನಿಲ್ಲಿಸುತ್ತಾರೆ. ಗಂಡ ಮೆಟ್ಟಿಲ ಮೇಲೇ ನಿಲ್ಲುತ್ತಾನೆ.

ಆ ಬೆಳಗಿನ ನಂತರ ಬಾಲದಕ್ಕನಿಗೆ ಮಗಳ ಜಡೆ ಹೆಣೆಯಲು ಆಗಿಲ್ಲ. ಕೂದಲು ಬಾಚುತ್ತಾಳೆ, ಮೂರು ಎಳೆ ಮಾಡುತ್ತಾಳೆ. ಹೆಣೆದ ಜಡೆ ಅಂಗೈ ತುಂಬುತ್ತಿದ್ದಂತೆ, ಅದರ ಭಾರ ಕೈಗೆ ಬರುತ್ತಿದ್ದಂತೆ, ಬೆರಳು ಮರಗಟ್ಟುತ್ತದೆ. ಹಿಡಿದ ಕೈ ಬಿಡಲಾಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಮೊದಮೊದಲು ಮಗಳು ನೋವಿಗೆ ಅಳುತ್ತಿದ್ದಳು. ಈಗ ಅಪ್ಪ ಬಂದು ಅಮ್ಮನ ಬೆರಳು ಬಿಡಿಸುವವರೆಗೆ ಅಲ್ಲಾಡದೆ ಕೂರುತ್ತಾಳೆ. ಉಳಿದ ಜಡೆಯನ್ನು ಅಪ್ಪ ಹೆಣೆಯುತ್ತಾನೆ, ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾಗಿ.

"ಹುಲಿ ಬಾಲ ಹಿಡಿಯೋಕಾಗುತ್ತೆ, ಇದು ಹಿಡಿಯೋಕಾಗಲ್ಲ," ಎನ್ನುತ್ತಾಳೆ ಬಾಲದಕ್ಕ. "ಆಸೆ ಏನು ಅಂತ ಕೇಳಿದ್ರಲ್ಲ ಆಗಲೇ? ಇದೇ. ತುದಿವರೆಗೂ ನಾನೇ ಹೆಣೆದು, ರಿಬ್ಬನ್ ಕಟ್ಟಿ ಕಳಿಸ್ಬೇಕು."

ಆಕೆ ಎಳೆಗಳನ್ನು ಬೇರ್ಪಡಿಸುತ್ತಾಳೆ. ಒಂದರ ಮೇಲೊಂದು ದಾಟಿಸುತ್ತಾಳೆ. ಕತ್ತಿನ ನರ ಹೊಡೆದುಕೊಳ್ಳತೊಡಗುತ್ತದೆ. ಯಾರೂ ಕೆಮ್ಮುವುದಿಲ್ಲ. ಬೆರಳುಗಳು ನಿಧಾನವಾಗುತ್ತವೆ, ಇನ್ನೊಂದು ಹೆಣಿಗೆ ಹಾಕುತ್ತವೆ, ಇನ್ನೂ ಒಂದು, ಆಮೇಲೆ ನಿಂತುಹೋಗುತ್ತವೆ. ಹಣೆಯಲ್ಲಿ ಬೆವರು. ಗಂಡ ಬಂದು ಪಕ್ಕದಲ್ಲಿ ಕೂತು ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾನೆ.

ಮಗಳು ಕೈಯನ್ನು ಹಿಂದಕ್ಕೆ ಹಾಕಿ, ಅಮ್ಮ ಹೆಣೆದಷ್ಟನ್ನು ತಡವಿ ನೋಡುತ್ತಾಳೆ.

"ಹೋದ ವಾರ ಕಿವಿ ಹತ್ರಾನೇ ನಿಂತಿತ್ತಮ್ಮ," ಎನ್ನುತ್ತಾಳೆ. "ಇವತ್ತು ಭುಜ ಮುಟ್ತು."